ಅಗೆಯುವವನ ಉಸಿರು

ವಿಷದೂಷಿತವಾದ ಭೂಮಿಯನ್ನು ಅಗೆದು ಶುದ್ಧಗೊಳಿಸುವ ಕಾರ್ಯವು ಸರ್ವಥಾ ಶ್ಲಾಘ್ಯವೆಂಬುದು ನಿರ್ವಿವಾದ. ಆದರೆ ದಶಕಗಳ ಕಾಲ ಮಣ್ಣಿನಲ್ಲಿ ಅಡಗಿದ್ದ ದ್ರವ್ಯವು ಯಂತ್ರದ ಹೊಡೆತಕ್ಕೆ ಕದಡಿ ಮೇಲೆದ್ದಾಗ, ಅದು ಮೊಟ್ಟಮೊದಲು ಹೊಗುವುದು ದಿನಗೂಲಿಗೆ ಬಂದು ಅಲ್ಲಿ ನಿಂತವನ ಶ್ವಾಸಕೋಶವನ್ನೇ ಎಂಬುದನ್ನು ನಾವು ಮರೆಯಲಾಗದು.

ಅಮೆರಿಕದ ವಾಟರ್‌ಟೌನಿನಿಂದ ಸ್ಥಳಾಂತರಗೊಂಡು 1980ರ ದಶಕದಲ್ಲಿ ಕೊಡೈಕೆನಾಲಿಗೆ ಬಂದು, 2001ರಲ್ಲಿ ಮುಚ್ಚಿಹೋದ ಥರ್ಮಾಮೀಟರ್ ಕಾರ್ಖಾನೆಯ ನೆಲದಲ್ಲಿ ಉಳಿದ ಪಾದರಸವನ್ನೇ ನೋಡೋಣ. ಅದರ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಸಿಲೇರಿದಂತೆ ಅದು ಹೆಚ್ಚುತ್ತದೆ. ನರಮಂಡಲವನ್ನೂ ಮೂತ್ರಪಿಂಡವನ್ನೂ ಬಾಧಿಸುತ್ತದೆ. ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿಸಿದ ಅನುಸೂಚಿಯು, ಎಂಟು ಗಂಟೆಗಳ ಸರಾಸರಿಯಲ್ಲಿ, ಘನಮೀಟರ್ ಗಾಳಿಗೆ 0.05 ಮಿಲಿಗ್ರಾಮಿನಷ್ಟು ಪಾದರಸದ ಆವಿಯನ್ನು ಮಾತ್ರ ಸಹ್ಯವೆಂದು ಗಣಿಸಿತು. ಇಂತಹ ಸೂಕ್ಷ್ಮ ಪ್ರಮಾಣವನ್ನು ಮನುಷ್ಯನ ಇಂದ್ರಿಯಗಳು ಅರಿಯಲಾರವಾದುದರಿಂದ, ಮಾಪನವಿಲ್ಲದ ಅಗೆತವು ಕುರುಡು ಸಾಹಸವೇ ಸರಿ.

ಮಾಪನವೆಂದರೆ ಬೇಲಿಯ ಬಳಿ ಒಂದು ಪೆಟ್ಟಿಗೆಯನ್ನಿಟ್ಟು ಕೈತೊಳೆದುಕೊಳ್ಳುವುದಲ್ಲ. ಬೇಲಿಯ ಉಪಕರಣವು ಊರವರನ್ನು ಕಾಯಬಹುದು. ಗುಂಡಿಯೊಳಗಿನವನ ಉಸಿರಿನ ಲೆಕ್ಕವನ್ನು ತಿಳಿಯಬೇಕಾದರೆ ಅವನ ಕೊರಳಪಟ್ಟಿಗೇ ಪುಟ್ಟ ಪಂಪಿನ ನಳಿಗೆಯನ್ನು ಸಿಕ್ಕಿಸಬೇಕು. ಅದು ಹಿಡಿದ ಗಾಳಿಯ ಮಾದರಿಯ ಫಲಿತಾಂಶವು ಪ್ರಯೋಗಾಲಯದಿಂದ ಬರುವುದು ತಡವಾಗುವುದರಿಂದ, ಆ ಕ್ಷಣದಲ್ಲೇ ಅಂಕಿಯನ್ನು ತೋರುವ ಯಂತ್ರವೂ ಜೊತೆಗಿರಬೇಕು. ಬೆಂಜೀನಿನಂತಹ ಆವಿಗಳನ್ನು ಪತ್ತೆಹಚ್ಚುವ ಉಪಕರಣಕ್ಕೆ ಸಿಲಿಕಾ ಧೂಳು ಕಾಣದು. ಆದುದರಿಂದ ಮಣ್ಣಿನಲ್ಲಿ ಏನಿದೆಯೆಂದು ಮೊದಲು ನಿರ್ಣಯಿಸಿ, ಉಪಕರಣವನ್ನು ಅನಂತರ ಆರಿಸುವುದು ಯುಕ್ತ. ಅಂಕಿಯು ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದೊಡನೆ ಕೆಲಸ ನಿಲ್ಲಿಸುವುದು, ಮಣ್ಣಿಗೆ ನೀರು ಚಿಮುಕಿಸುವುದು ಅಥವಾ ಹೊದಿಕೆ ಹಾಸುವುದು, ತಕ್ಕ ಶ್ವಾಸರಕ್ಷಕವನ್ನು ತೊಡಿಸುವುದು ಇವೆಲ್ಲ ಪೂರ್ವನಿಶ್ಚಿತವಾಗಿರಬೇಕು. ಇಲ್ಲದಿದ್ದಲ್ಲಿ ಅಂಕಿಗಳು ಕಡತವನ್ನು ಸೇರುತ್ತವೆ, ವಿಷವು ದೇಹವನ್ನು ಸೇರುತ್ತದೆ.

ಈ ಮಾತು ಕನ್ನಡನಾಡಿಗೆ ದೂರದ್ದಲ್ಲ. 2001ರಲ್ಲಿ ಗಣಿಗಳು ಮುಚ್ಚಿದ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ಜನರು ಸೈನೈಡ್ ದಿಬ್ಬಗಳೆಂದು ಕರೆಯುವ ತ್ಯಾಜ್ಯರಾಶಿಗಳು ಇಂದಿಗೂ ನಿಂತಿವೆ. ಅವುಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ನುಣ್ಣಗೆ ಅರೆದ ಆ ಕಲ್ಲಿನ ಪುಡಿಯಲ್ಲಿ ಸಿಲಿಕಾ ಇದೆ, ಸಿಲಿಕಾದ ಧೂಳಿನಿಂದ ಬರುವ ಸಿಲಿಕೋಸಿಸ್ ವ್ಯಾಧಿಯನ್ನು ಗುಣಪಡಿಸುವ ಮದ್ದಿಲ್ಲ. ಆದಕಾರಣ, ಅಲ್ಲಿಯ ಯಾವ ಗುತ್ತಿಗೆಗೂ ಅಂಕಿತ ಬೀಳುವ ಮುನ್ನ, ಪ್ರತಿದಿನದ ವಾಯುಮಾಪನವನ್ನೂ, ಅದರ ಅಂಕಿಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕೆಲಸಗಾರರ ಕಣ್ಣೆದುರು ಬರೆದಿಡುವ ಕಟ್ಟಳೆಯನ್ನೂ, ಮಿತಿಮೀರಿದಾಗ ಕೂಲಿ ಕಳೆದುಕೊಳ್ಳದೆ ಹೊರಬರುವ ಕಾರ್ಮಿಕರ ಹಕ್ಕನ್ನೂ ಸರ್ಕಾರವು ಕರಾರಿನಲ್ಲೇ ಬರೆಸತಕ್ಕದ್ದು.