ಗಾದಿಯ ಜಗಳ, ದವಸದ ಬೆಲೆ

ಸೋವಿಯತ್ ರಷ್ಯಾದಲ್ಲಿ 1920ರ ದಶಕದಲ್ಲಿ ನಡೆದ ಆರ್ಥಿಕ ವಾದವಿವಾದಕ್ಕೂ ನಮ್ಮ ಸಾದಲಿಯ ಹಿಪ್ಪುನೇರಳೆ ತೋಟಕ್ಕೂ ಏನು ಸಂಬಂಧ ಎಂದು ರೈತ ಬಾಂಧವರು ಕೇಳಬಹುದು. ಸಂಬಂಧವಿದೆ. ಆ ವಾದದ ತಿರುಳು ಒಂದೇ ಪ್ರಶ್ನೆ: ಕಾರ್ಖಾನೆ ಕಟ್ಟಲು ಬೇಕಾದ ಹಣವನ್ನು ರೈತನಿಂದ ಎಷ್ಟು ತೆಗೆಯಬಹುದು, ಹೇಗೆ ತೆಗೆಯಬಹುದು?

1923ರಲ್ಲಿ ಅಲ್ಲಿ ದವಸದ ಬೆಲೆ ಇಳಿದು ಕಾರ್ಖಾನೆ ಸಾಮಾನುಗಳ ಬೆಲೆ ಏರಿತು. ನಕ್ಷೆಯಲ್ಲಿ ಎರಡು ಗೆರೆಗಳು ಬಾಯ್ದೆರೆದ ಕತ್ತರಿಯಂತೆ ಕಂಡದ್ದರಿಂದ ಟ್ರಾಟ್‌ಸ್ಕಿ ಅದನ್ನು ‘ಕತ್ತರಿ’ ಎಂದೇ ಕರೆದರು. ನಮ್ಮವರಿಗೆ ನಕ್ಷೆ ಬೇಕಿಲ್ಲ. ಒಂದು ಮೂಟೆ ಗೊಬ್ಬರಕ್ಕೆ ಎಷ್ಟು ಕಿಲೋ ಗೂಡು ಮಾರಬೇಕೆಂದು ಲೆಕ್ಕ ಹಾಕುವ ಯಾರಿಗೂ ಈ ಕತ್ತರಿಯ ಪರಿಚಯವಿದೆ.

ಪ್ರೆಯೊಬ್ರಾಜೆನ್‌ಸ್ಕಿ ಎಂಬ ಅರ್ಥಶಾಸ್ತ್ರಜ್ಞರು, ಬೆಲೆಯ ಮೂಲಕವೇ ಹಳ್ಳಿಯ ಹಣವನ್ನು ಕೈಗಾರಿಕೆಗೆ ಸೆಳೆಯಬೇಕೆಂದರು. ಬುಖಾರಿನ್ ಒಪ್ಪಲಿಲ್ಲ. ರೈತ ಅನುಕೂಲಸ್ಥನಾಗಲಿ, ನಾಲ್ಕು ಕಾಸು ಉಳಿಸಲಿ. ಅವನ ಕೈಯಲ್ಲಿ ಕೊಳ್ಳುವ ಶಕ್ತಿ ಇದ್ದರೆ ಕಾರ್ಖಾನೆಯೂ ಬೆಳೆದೀತು ಎಂಬುದು ಅವರ ವಾದ. ಈ ಮಾತು ಇಂದಿಗೂ ಹಳತಾಗಿಲ್ಲವೆಂದೇ ನನ್ನ ಎಣಿಕೆ.

ಆಗ ಸ್ಟಾಲಿನ್ ಬುಖಾರಿನ್ ಕಡೆಗಿದ್ದರು. ಅದು ರೈತನ ಮೇಲಿನ ಮಮತೆಯಲ್ಲ, ಲೆನಿನ್ ತೀರಿಕೊಂಡ ನಂತರ ಖಾಲಿಯಾದ ಗಾದಿಯ ಲೆಕ್ಕಾಚಾರ ಎಂಬುದು ಬೇಗನೆ ಬಯಲಾಯಿತು. 1927ರ ನವೆಂಬರಿನಲ್ಲಿ ಎದುರಾಳಿಗಳಾದ ಟ್ರಾಟ್‌ಸ್ಕಿ, ಜಿನೋವಿಯೆವ್ ಪಕ್ಷದಿಂದ ಹೊರಬಿದ್ದರು. ಅದೇ ಚಳಿಗಾಲದಲ್ಲಿ ರೈತರು ಸರ್ಕಾರದ ಕಡಿಮೆ ಬೆಲೆಗೆ ದವಸ ಕೊಡಲು ಹಿಂಜರಿದರು. ಬೆಲೆ ಏರಿಸಿದ್ದರೆ ಸಾಕಿತ್ತು. ಸ್ಟಾಲಿನ್ 1928ರ ಜನವರಿಯಲ್ಲಿ ಸೈಬೀರಿಯಾಕ್ಕೆ ಹೋಗಿ, ದವಸ ಕೂಡಿಟ್ಟವರ ಮೇಲೆ ಮೊಕದ್ದಮೆ ಹೂಡಿ ಜಪ್ತಿ ಮಾಡಿರೆಂದು ಅಧಿಕಾರಿಗಳಿಗೆ ತಾಕೀತು ಮಾಡಿದರು. ರೈತ ಕೊಡುವ ಹೆಚ್ಚಿನ ಹಣ ಒಂದು ಬಗೆಯ ಕಪ್ಪಕಾಣಿಕೆಯೇ ಎಂದು ಅದೇ ಜುಲೈನಲ್ಲಿ ಪಕ್ಷದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದರು. ಸೋತವರ ವಾದವನ್ನೇ ಎತ್ತಿಕೊಂಡು, ಅವರೂ ನೆನೆಯದಷ್ಟು ಕ್ರೌರ್ಯದಿಂದ ನಡೆಸಿದರು. 1929ರಲ್ಲಿ ಬುಖಾರಿನ್ ಸ್ಥಾನ ಕಳೆದುಕೊಂಡರು; 1938ರಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಹೊಲ, ದನ ಎಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿದವು. 1932-33ರ ಕ್ಷಾಮದಲ್ಲಿ ಉಕ್ರೇನ್, ಕಜಕಸ್ತಾನ, ವೋಲ್ಗಾ ಕಡೆ ಹತ್ತಾರು ಲಕ್ಷ ಜನ ಸತ್ತರು. ಸತ್ತವರಲ್ಲಿ ಬಹುಪಾಲು ದವಸ ಬೆಳೆದವರೇ.

ಗಾದಿಯ ಜಗಳ ಆರ್ಥಿಕ ನೀತಿಯ ವೇಷ ತೊಡುವುದನ್ನು ನಮ್ಮ ರಾಜ್ಯವೂ ಕಂಡಿದೆ. 1969ರ ಜುಲೈನಲ್ಲಿ ಕಾಂಗ್ರೆಸ್ ಮಹಾಸಮಿತಿ ಬೆಂಗಳೂರಿನಲ್ಲಿ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಬ್ಯಾಂಕುಗಳ ಬಗ್ಗೆ ಇಂದಿರಾ ಗಾಂಧಿಯವರ ಟಿಪ್ಪಣಿ ಅಲ್ಲಿ ಚರ್ಚೆಗೆ ಬಂತು. ರಾಷ್ಟ್ರಪತಿ ಸ್ಥಾನಕ್ಕೆ ಅವರಿಗೊಪ್ಪದ ಸಂಜೀವ ರೆಡ್ಡಿಯವರ ಹೆಸರನ್ನು ಹಿರಿಯರು ಆರಿಸಿದರು. ಪ್ರಧಾನಿ ದೆಹಲಿಗೆ ಮರಳಿ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ವರ್ಷ ಮುಗಿಯುವುದರೊಳಗೆ ಪಕ್ಷ ಎರಡು ಹೋಳಾಯಿತು.

ಅಷ್ಟು ಅವಸರ ರೈತನಿಗಾಗಿ ಎಂದರೆ ನಂಬುವವರು ಕಡಿಮೆ. ಆದರೂ ಮುಂದಿನ ವರ್ಷಗಳಲ್ಲಿ ಹಳ್ಳಿಗಳಿಗೆ ಬ್ಯಾಂಕಿನ ಶಾಖೆ ಬಂತು, ಬೋರ್‌ವೆಲ್ಲಿಗೆ, ಹಸುವಿಗೆ ಸಾಲ ಸಿಕ್ಕಿತು. ಗಿಡ ನೆಟ್ಟವನ ಮನಸ್ಸು ಕೆದಕಿ ಹಣ್ಣು ಬಿಸಾಡುವುದು ನಮ್ಮ ಪದ್ಧತಿಯಲ್ಲ. ಮಾಸ್ಕೋದಲ್ಲಿ ಸೋತವರಿಗೆ ಮಾತೇ ಉಳಿಯಲಿಲ್ಲ. ಇಲ್ಲಿ ಸೋತ ಮೊರಾರ್ಜಿಯವರು 1977ರಲ್ಲಿ ಪ್ರಧಾನಿಯಾದರು. ಅಲ್ಲಿನ ರೈತನ ಕೈಯಲ್ಲಿ ಇಬ್ಬರಲ್ಲೊಬ್ಬರನ್ನು ಆರಿಸುವ ಮತವಿರಲಿಲ್ಲ, ಇಲ್ಲಿ ಇತ್ತು. ಅಂತರ ಸಣ್ಣದಲ್ಲ.

ಮತವಿದ್ದರೂ ಐದು ವರ್ಷಕ್ಕೊಮ್ಮೆ. ನಡುವೆ ದೆಹಲಿಯಲ್ಲಿ ಒಂದು ಸಾಲು ಬರೆದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಅಲುಗಾಡುತ್ತದೆ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ನೇಕಾರರಿಗೆ ಅಗ್ಗದ ನೂಲು ಬೇಕೆಂಬ ವಾದದಲ್ಲಿ ಹುರುಳಿತ್ತು, ಆದರೆ ಹುಳು ಸಾಕುವವನನ್ನು ಯಾರೂ ಕೇಳಿರಲಿಲ್ಲ. ಗೂಡಿನ ಬೆಲೆ ಕುಸಿಯಿತು. ರಾಜ್ಯದ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು, ಹಿಂದಿನ 30ಕ್ಕಲ್ಲ.

ಇನ್ನು ಮುಂದೆ ಸುಂಕಕ್ಕೆ ಕೈ ಹಾಕುವ ಮೊದಲು ಗೂಡು ಬೆಳೆಯುವವರನ್ನೂ ನೇಕಾರರನ್ನೂ ಒಂದೇ ಮೇಜಿಗೆ ಕರೆದು ಕೇಳಬೇಕೆಂಬ ಕಟ್ಟಳೆ ಆಗಬೇಕು. ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಿರಲಿ, ಅವರ ಮುಂದೆ ಈ ಮಾತನ್ನು ಇಡಿ. ಬಾಯಿಮಾತು ಬೇಡ, ಪ್ರಣಾಳಿಕೆಯಲ್ಲಿ ಬರೆದು ಕೊಡಲು ಹೇಳಿ.