ಕೈಮಾ ಉಂಡೆಗೂ ಒಂದು ಎಲೆ ಹಾಕಿ

ಹೊರನಾಡ ಕನ್ನಡಿಗರು ಏನು ಉಣ್ತಾರೆ ಅಂತ ಯಾರಾದರೂ ಕೇಳಿದರೆ ನೀವು ಥಟ್ಟನೆ ಬಿಸಿಬೇಳೆಬಾತು, ಕೋಸಂಬರಿ, ಹೋಳಿಗೆ ಅಂತೀರಿ. ನಿಮ್ಮನ್ನು ದೂರುವುದಿಲ್ಲ ಬಿಡಿ. ನಾವು ನಿಮಗೆ ತೋರಿಸುತ್ತಾ ಬಂದಿರುವುದೇ ಅದನ್ನು. ಪ್ರತಿ ನವೆಂಬರಿನಲ್ಲಿ ಬಾಳೆಎಲೆಯ ಮೇಲೆ ಅದನ್ನೇ ಬಡಿಸಿ, ಫೋಟೋ ಹೊಡೆಸಿ, ಕೆಳಗೆ ‘ಸಂಪೂರ್ಣ ಕನ್ನಡ ಊಟ’ ಅಂತ ಬರೆದು ಊರಿಗೆ ಕಳಿಸುತ್ತೇವೆ. ನನ್ನ ತಕರಾರು ಇರುವುದು ಆ ‘ಸಂಪೂರ್ಣ’ದ ಮೇಲೆ. ಜೀವಮಾನವೆಲ್ಲಾ ಬ್ಯಾಂಕಿನ ಲೆಡ್ಜರು ನೋಡಿದವನು ನಾನು. ಅರ್ಧ ಬಾಬ್ತು ಬಿಟ್ಟು ಕೆಳಗೆ ಒಟ್ಟು ಮೊತ್ತ ಹಾಕಿದರೆ ಸಹಿ ಹಾಕೋದಕ್ಕೆ ಕೈ ಬರೋದಿಲ್ಲ.

ನಾನು ಮಂಡ್ಯ ಸೀಮೆಯವನು. ವರ್ಗವಾಗಿ ಚೆನ್ನೈಗೆ ಬಂದು, ನಿವೃತ್ತಿಯ ಮೇಲೂ ಗಿಂಡಿಯಲ್ಲೇ ಉಳಿದೆ. ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಕೈಮಾ ಉಂಡೆ ಸಾರು, ಮುದ್ದೆ. ಇಲ್ಲಿ ಕೈಮಾಕ್ಕೆ ‘ಕೊತ್ತುಕರಿ’ ಅನ್ನಬೇಕು, ರಾಗಿಗೆ ‘ಕೇಳ್ವರಗು’, ಮುದ್ದೆಗೆ ‘ಕಳಿ’. ಇಷ್ಟು ಮಾತು ಗೊತ್ತಿದ್ದರೆ ಸಂಸಾರ ನಡೆಯುತ್ತೆ. ನಮ್ಮ ಉಂಡೆ ನೋಡಿ ತಮಿಳರು ಹುಬ್ಬೇರಿಸುವುದಿಲ್ಲ. ಚೆಟ್ಟಿನಾಡಿನ ಕೋಲಾ ಉರುಂಡೈ ಅವರಿಗೂ ಇದೆಯಲ್ಲ, ಅವರದು ಎಣ್ಣೆಯಲ್ಲಿ ಕರಿದದ್ದು, ಅಷ್ಟೇ. ಹುಬ್ಬೇರಿಸುವವರು ನಮ್ಮವರೇ. ‘ನೀವು ಕನ್ನಡದವರಲ್ವಾ? ಇದನ್ನೆಲ್ಲಾ ತಿಂತೀರಾ?’

ಈ ಪ್ರಶ್ನೆ ಹುಟ್ಟಿದ್ದಕ್ಕೂ ಒಂದು ಕಾರಣ ಇದೆ ಅನ್ನಿ. ಮದರಾಸಿಗೆ ಕನ್ನಡ ನಾಡಿನ ಅಡುಗೆಯ ಪರಿಚಯ ಮಾಡಿಸಿದವರು ಉಡುಪಿ ಕಡೆಯ ಹೋಟೆಲಿನವರು. ವುಡ್‌ಲ್ಯಾಂಡ್ಸಿನ ಕೃಷ್ಣರಾಯರು, ದಾಸಪ್ರಕಾಶದ ಸೀತಾರಾಮರಾಯರು ಸಾಮಾನ್ಯರಲ್ಲ. ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚಿದಾಗ ಈ ಊರಿನ ತಮಿಳರು ಮನೆಯವರನ್ನು ಕಳಕೊಂಡಂತೆ ಮರುಗಿದರು. ಆ ಕೀರ್ತಿಯಲ್ಲಿ ನನಗೂ ಪಾಲಿದೆ ಅಂತಲೇ ಹೆಮ್ಮೆಪಡುತ್ತೇನೆ. ಆದರೆ ಹೋಟೆಲಿನ ಮೆನು ಒಂದು ನಾಡಿನ ಅಡುಗೆಮನೆ ಆಗೋದಿಲ್ಲ. 2014ರ ಸ್ಯಾಂಪಲ್ ರಿಜಿಸ್ಟ್ರೇಶನ್ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದು ವರ್ಷ ದಾಟಿದವರ ಪೈಕಿ ಹೆಚ್ಚುಕಮ್ಮಿ ಐವರಲ್ಲಿ ನಾಲ್ವರು ಮಾಂಸಾಹಾರಿಗಳು. ಆ ನಾಲ್ವರ ಅಡುಗೆ ಯಾವ ಕಾಲಮ್ಮಿಗೆ ಬರೆದಿದ್ದೀರಿ, ತೋರಿಸಿ.

ಒಮ್ಮೆ ಇಲ್ಲಿನ ಕನ್ನಡಿಗರ ಒಂದು ಕೂಟದಲ್ಲಿ, ರಾಜ್ಯೋತ್ಸವದ ಊಟಕ್ಕೆ ಪಕ್ಕದಲ್ಲಿ ಬೇರೆ ಒಲೆ ಹೂಡಿ ಉಂಡೆ ಸಾರೂ ಮಾಡೋಣ ಅಂದೆ. ಪದಾಧಿಕಾರಿಯೊಬ್ಬರು ನಯವಾಗಿಯೇ ಹೇಳಿದರು: ‘ಇದು ಸಂಸ್ಕೃತಿಯ ಕಾರ್ಯಕ್ರಮ ಸ್ವಾಮಿ.’ ಹಾಗಾದರೆ ನಮ್ಮವ್ವ ಅರವತ್ತು ವರ್ಷ ಒಲೆ ಮುಂದೆ ಕೂತು ಮಾಡಿದ್ದು ಏನು? ಅದಕ್ಕೊಂದು ಹೆಸರು ಹೇಳಿ ಅಂದೆ. ಹೇಳಲಿಲ್ಲ.

ಇದು ಹೊರನಾಡಿನ ರೋಗ ಮಾತ್ರ ಅಂದುಕೊಳ್ಳಬೇಡಿ. 2024ರ ಡಿಸೆಂಬರಿನಲ್ಲಿ ನಮ್ಮ ಮಂಡ್ಯದಲ್ಲೇ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮಳಿಗೆಗಳಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಟ್ಟಿಗೆ ಸೇರಿಸಿ ಬೇಡ ಅಂದಿದ್ದರು. ಬಾಡೂಟದ ಸೀಮೆಯಲ್ಲಿ ನಿಂತು ಬಾಡನ್ನು ಬೀಡಿ, ಬ್ರಾಂದಿಯ ಸಾಲಿಗೆ ಸೇರಿಸೋದು! ಜನ ರೇಗಿದರು. ರೇಗದೆ ಇನ್ನೇನು ಮಾಡ್ತಾರೆ.

ಈ ವಿಷಯದಲ್ಲಿ ನನಗೆ ಪಾಠ ಸಿಕ್ಕಿದ್ದು ಗ್ರೀಸಿನಿಂದ. ನಗಬೇಡಿ. ಮಗಳು ಕೆಲಸದ ಮೇಲೆ ಅಥೆನ್ಸಿಗೆ ಹೋಗಿದ್ದವಳು ‘ಅಪ್ಪಾ, ಅಲ್ಲೂ ನಮ್ಮ ಕೈಮಾ ಉಂಡೆ ಇದೆ’ ಅಂತ ಮಾಡುವ ಬಗೆ ಬರಕೊಂಡು ಬಂದಳು. ಸುಜುಕಾಕಿಯಾ ಅಂತ ಹೆಸರು. ನೆನೆಸಿದ ಬ್ರೆಡ್ಡು, ಬೆಳ್ಳುಳ್ಳಿ, ಕೈತುಂಬಾ ಜೀರಿಗೆ ಕೈಮಾಕ್ಕೆ ಕಲಸಿ, ಉದ್ದುದ್ದ ಹೊಸೆದು, ಎಣ್ಣೆಯಲ್ಲಿ ಕೆಂಪಗೆ ಮಾಡಿ, ಟೊಮ್ಯಾಟೊ ಗೊಜ್ಜಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸೋದು. ಅನ್ನದ ಜೊತೆ ತಿಂತಾರೆ. ಜೀರಿಗೆ, ಬೆಳ್ಳುಳ್ಳಿ, ಟೊಮ್ಯಾಟೊ ಹುಡುಕಿಕೊಂಡು ಗಿಂಡಿಯಿಂದ ಆಚೆ ಹೋಗಬೇಕಾಗಿರಲಿಲ್ಲ. ಮಾಡಿದೆ. ಚೆನ್ನಾಗೇ ಇತ್ತು, ಖಾರ ಒಂದು ಸಾಲದು.

ಆದರೆ ಅದರ ಚರಿತ್ರೆ ಕೇಳಿ. ಅದು ಸ್ಮಿರ್ನಾ ಊರಿನದು, ಈಗಿನ ಟರ್ಕಿಯ ಇಜ್ಮಿರ್. 1922ರ ಸೆಪ್ಟೆಂಬರಿನಲ್ಲಿ ಯುದ್ಧದ ಕೊನೆಗೆ ಆ ಊರು ಹೊತ್ತಿ ಉರಿಯಿತು. 1923ರಲ್ಲಿ ಎರಡು ದೇಶಗಳು ಜನರನ್ನೇ ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಜನ ಗ್ರೀಸಿಗೆ ಬಂದು ಬಿದ್ದರು. ಅಲ್ಲಿಯವರು ಇವರನ್ನು ‘ಟರ್ಕಿ ಬೀಜ’ ಅಂದರು. ಅಡುಗೆಯಲ್ಲಿ ಮೊಸರು ಜಾಸ್ತಿ ಅಂತ ‘ಮೊಸರಲ್ಲಿ ದೀಕ್ಷೆ ತಗೊಂಡವರು’ ಅಂದರು. ಉಂಡೆಯ ಹೆಸರು ಕೂಡ ಟರ್ಕಿ ಮಾತಿನ ಸುಜುಕ್‌ನಿಂದ ಬಂದದ್ದು. ಆದರೂ ಅವರು ಹೆಸರು ಬದಲಿಸಲಿಲ್ಲ, ಜೀರಿಗೆ ಕಡಿಮೆ ಮಾಡಲಿಲ್ಲ, ಬಾಗಿಲು ಹಾಕಿಕೊಂಡು ತಿನ್ನಲೂ ಇಲ್ಲ. ಇವತ್ತು ಅದು ಗ್ರೀಕರೆಲ್ಲರ ಅಡುಗೆ. ಎಲ್ಲಾ ಕಳಕೊಂಡು ಬಂದವರಿಗೆ ಇದ್ದ ಧೈರ್ಯ, ಪಿಂಚಣಿ, ಸ್ವಂತ ಫ್ಲಾಟು ಎರಡೂ ಇರುವ ನಮಗೆ ಯಾಕಿಲ್ಲ?

‘ಸಸ್ಯಾಹಾರವನ್ನಾದರೆ ಎಲ್ಲರೂ ಉಣ್ಣಬಹುದಲ್ಲ’ ಅಂತಾರೆ. ಇದು ತೂಕದ ಮಾತು, ಒಪ್ಪುತ್ತೇನೆ. ಒಂದೇ ಪಾತ್ರೆ ಇಡೋದಾದರೆ ಸಸ್ಯಾಹಾರವೇ ಇರಲಿ. ಆದರೆ ನಾವು ಒಂದೇ ಪಾತ್ರೆ ಇಡ್ತೀವಾ? ಎರಡು ಸಿಹಿ, ಮೂರು ಪಲ್ಯ, ನಾಲ್ಕು ಅನ್ನ. ಸಕ್ಕರೆ ಕಾಯಿಲೆಯವರು ಪಾಯಸ ಉಣ್ಣೋದಿಲ್ಲ ಅಂತ ಯಾರೂ ಪಾಯಸ ನಿಲ್ಲಿಸಿಲ್ಲ. ಬೇಡದವರು ಬೇಡ ಅಂತಾರೆ, ಎಲೆ ಮುಂದಕ್ಕೆ ಹೋಗುತ್ತೆ. ವಾಸನೆ ಆಗದವರಿಗೆ ಬೇರೆ ಪಂಕ್ತಿ, ಬೇರೆ ಸೌಟು, ಬೇರೆ ಕೈ. ಅಷ್ಟು ವ್ಯವಸ್ಥೆ ನಮ್ಮ ಹಳ್ಳಿಯ ಮದುವೆಮನೆಗಳಲ್ಲೇ ಮಾಡ್ತಾರೆ.

ಇನ್ನು ಮಾಡುವ ಕಷ್ಟದ ಮಾತು. ಕಷ್ಟ ಏನೂ ಇಲ್ಲ. ಕೈಮಾ ತೊಳೆದು ನೀರನ್ನು ಪೂರ್ತಿ ಹಿಂಡಬೇಕು. ಅಲ್ಲಿ ಉದಾಸೀನ ಮಾಡಿದರೆ ಉಂಡೆ ಒಡೆಯುತ್ತೆ. ಹುರಿಗಡಲೆ ಪುಡಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ, ನಿಂಬೆ ಗಾತ್ರ ಕಟ್ಟಬೇಕು. ಕಾಯಿ, ಈರುಳ್ಳಿ, ದನಿಯಾ, ಟೊಮ್ಯಾಟೊ ರುಬ್ಬಿದ ಮಸಾಲೆ ಕೊತಕೊತ ಕುದಿಯುವಾಗ ಒಂದೊಂದೇ ಬಿಡಬೇಕು. ಹತ್ತು ನಿಮಿಷ ಸೌಟು ಮುಟ್ಟಬಾರದು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಾಕು.

ಲೆಕ್ಕವೂ ಹಾಕಿಟ್ಟಿದ್ದೇನೆ. ಒಂದು ಕಿಲೋಗೆ ಸುಮಾರು 40 ಉಂಡೆ. ತಲೆಗೆ ನಾಲ್ಕರಂತೆ 60 ಜನಕ್ಕೆ 240, ಅಂದರೆ 6 ಕಿಲೋ. ಕೈಮಾದ ಖರ್ಚು ನನ್ನದು, ರಾಗಿಹಿಟ್ಟು ಊರಿಂದ ತರಿಸ್ತೀನಿ, ಒಲೆ ಮುಂದೆ ನಾನೇ ನಿಲ್ತೀನಿ. ಕೂಟದವರು ಕೊಡಬೇಕಾದ್ದು ಒಂದು ಮೇಜು, ಮತ್ತೆ ಆಹ್ವಾನ ಪತ್ರಿಕೆಯಲ್ಲಿ ಹೋಳಿಗೆಯ ಕೆಳಗೆ ಒಂದು ಸಾಲು. ಬರವಣಿಗೆಯಲ್ಲಿ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿಯ ಸಹಿಯನ್ನೂ ಹಾಕಿಸಿಕೊಂಡಿದ್ದೇನೆ.