ಮರಳಿನಡಿಯ ನಂಗು

ಮುಂಬೈಯಲ್ಲಿರುವ ನಮ್ಮ ಕರಾವಳಿಯವರಿಗೆ ನಂಗು ಮೀನು ಎಂದರೆ ನೆನಪಾಗುವುದು ಕಾವಲಿ. ಮರಾಠಿಯವರಿಗೆ ಅದು ಲೇಪಾ. ಅದೇ ಬಳಗದ ಪುಟ್ಟ ಚಪ್ಪಟೆ ಮೀನುಗಳು 'ಫ್ರೆಶ್‌ವಾಟರ್ ಫ್ಲೌಂಡರ್', 'ಸೋಲ್' ಎಂಬ ಹೆಸರಿನಲ್ಲಿ ಅಕ್ವೇರಿಯಂ ವ್ಯಾಪಾರದಲ್ಲೂ ಇವೆ. ಗಾಜಿಗೆ ಎಲೆಯಂತೆ ಅಂಟಿಕೊಂಡಿರುವ ಮೀನನ್ನು ಕಂಡರೆ ಮಕ್ಕಳು ಬಿಡುವುದುಂಟೇ? ಆದರೆ ಪರ್ಸ್ ತೆಗೆಯುವ ಮುನ್ನ ಕೆಲವು ಮಾತು.

ಚಪ್ಪಟೆ ಮೀನಿನ ಮರಿಗೂ ಎಲ್ಲ ಮೀನಿನಂತೆ ತಲೆಯ ಎರಡೂ ಬದಿ ಕಣ್ಣಿರುತ್ತದೆ. ಬೆಳೆಯುತ್ತಾ ಒಂದು ಕಣ್ಣು ಇನ್ನೊಂದರ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮುಂದೆ ಒಂದೇ ಮಗ್ಗುಲಿನ ಬದುಕು. ಹಾಗಾಗಿ ಹರಿತವಾದ ಜಲ್ಲಿ ಬೇಡ, ಹೂತುಕೊಳ್ಳಲು ನುಣುಪು ಮರಳು ಬೇಕು. ತೊಟ್ಟಿ ಎತ್ತರವಿರುವುದಕ್ಕಿಂತ ತಳ ಅಗಲವಿರುವುದು ಮುಖ್ಯ.

ಮೊದಲ ಪ್ರಶ್ನೆ ನೀರಿನದು. ಲೇಬಲ್ಲಿನ 'ಫ್ರೆಶ್‌ವಾಟರ್' ಅನ್ನು ನಂಬಬೇಡಿ. ಅಮೆರಿಕದ ಹಾಗ್‌ಚೋಕರ್ ಮರಿಯಿದ್ದಾಗ ಹೊಳೆಯ ಸಿಹಿನೀರಿಗೆ ಏರುತ್ತದೆ, ಮೊಟ್ಟೆಯಿಡಲು ಉಪ್ಪು ಹೆಚ್ಚಿರುವ ಅಳಿವೆಯತ್ತ ಇಳಿಯುತ್ತದೆ. ನಮ್ಮ ಗಂಗೆಯ ಕೆಳಹರಿವಿನ 'ಬ್ರಾಕಿರಸ್ ಪಾನ್' ಕೂಡ ಅಳಿವೆಯ ಜೀವಿಯೇ. ಅದನ್ನು 1822ರಲ್ಲಿ ವರ್ಣಿಸಿದ ಹ್ಯಾಮಿಲ್ಟನ್, ಮೈಸೂರು, ಕೆನರಾ ಸುತ್ತಿ ಬರೆದ ನಮ್ಮ ಬುಕಾನನ್! ಅಮೆಜಾನ್‌ನ 'ಹೈಪೋಕ್ಲೈನಿಮಸ್ ಮೆಂಟಾಲಿಸ್' ಮಾತ್ರ ಅಪ್ಪಟ ಸಿಹಿನೀರಿನದು. ಆದ್ದರಿಂದ ಅಂಗಡಿಯವರನ್ನು ವೈಜ್ಞಾನಿಕ ಹೆಸರು ಕೇಳಿ. ಅಳಿವೆಯ ಮೀನಾದರೆ ಸಮುದ್ರದ ಅಕ್ವೇರಿಯಂಗೆಂದೇ ಮಾರುವ ಉಪ್ಪು ಬೇಕು, ಅಡುಗೆ ಉಪ್ಪಲ್ಲ. ಹೈಡ್ರೋಮೀಟರ್‌ನಲ್ಲಿ 1.005ರ ಆಸುಪಾಸು ಬರುವಂತೆ ಕೆಲವು ವಾರಗಳಲ್ಲಿ ನಿಧಾನಕ್ಕೆ ಏರಿಸಬೇಕು. ಆ ನೀರು ನಿಯಾನ್ ಟೆಟ್ರಾಗಳಿಗೂ ಬಹುಪಾಲು ಗಿಡಗಳಿಗೂ ಆಗದು. ಅಂದರೆ ಪ್ರತ್ಯೇಕ ತೊಟ್ಟಿಯೇ ಆಗಬೇಕು.

ಎರಡನೆಯದು ಊಟ. ಈ ಮೀನುಗಳನ್ನು ಹೆಚ್ಚಾಗಿ ಕೊಲ್ಲುವುದು ರೋಗವಲ್ಲ, ಹಸಿವು. ತೇಲುವ ಫ್ಲೇಕ್ಸ್ ಇದಕ್ಕೆ ಲೆಕ್ಕಕ್ಕೇ ಇಲ್ಲ. ತಳಕ್ಕೆ ಇಳಿದದ್ದನ್ನು ಚುರುಕು ಮೀನುಗಳು ಮೊದಲೇ ಮುಗಿಸಿರುತ್ತವೆ. ಮೊದಲೇ ಚಪ್ಪಟೆ, ಸೊರಗಿದ್ದು ಗೊತ್ತಾಗುವುದು ಹೇಗೆ? ಗಾಜಿಗೆ ಅಂಟಿದಾಗ ಅಂಚಿನಿಂದ ನೋಡಿ: ತಲೆಯ ಹಿಂದೆ ಮೈ ತುಂಬಿರಬೇಕು, ಗುಳಿ ಬಿದ್ದಿರಬಾರದು. ಅಂಗಡಿಯಲ್ಲೇ 'ನನ್ನೆದುರು ತಿನ್ನಿಸಿ ತೋರಿಸಿ' ಎನ್ನಿ. ತಿನ್ನದಿದ್ದರೆ ಬಿಟ್ಟು ಬನ್ನಿ. ಮನೆಯಲ್ಲಿ ದೀಪ ಆರಿಸಿದ ಮೇಲೆ, ಡ್ರಾಪರ್‌ನಿಂದ ಅದರ ಮೂತಿಯ ಬಳಿಗೇ ಬ್ಲಡ್‌ವರ್ಮ್ ಬಿಡಿ. ಜೀವಂತ ಹುಳುವಿನಿಂದ ಶುರುಮಾಡಿ, ಮೆಲ್ಲಗೆ ಫ್ರೋಜನ್‌ಗೆ ಒಗ್ಗಿಸಬಹುದು. ಉಳಿದದ್ದನ್ನು ಬೆಳಿಗ್ಗೆ ಹೀರಿ ತೆಗೆಯದಿದ್ದರೆ ಅದು ಕೊಳೆತು ಅಮೋನಿಯಾ ಏರುತ್ತದೆ. ಬಾಯಿಗೆ ಹಿಡಿಯುವಷ್ಟು ಸಣ್ಣ ಮೀನಿದ್ದರೆ ಅದೂ ರಾತ್ರಿಯ ಊಟವೇ.

ಕೊನೆಯ ಪ್ರಶ್ನೆ ನಿಮಗೇ. ದಸರೆಗೋ ಬೇಸಿಗೆ ರಜೆಗೋ ಹದಿನೈದು ದಿನ ಊರಿಗೆ ಹೊರಟಾಗ ಇದಕ್ಕೆ ಉಣಿಸುವವರು ಯಾರು? ಆಟೋ ಫೀಡರ್ ಒಣ ಕಾಳು ಉದುರಿಸಬಲ್ಲದು. ಕತ್ತಲಲ್ಲಿ ಮರಳು ಹುಡುಕಿ ಹುಳು ಕೊಡಲಾರದು. ಪಕ್ಕದ ಮನೆಯವರು ತಮ್ಮ ಫ್ರೀಜರ್‌ನಲ್ಲಿ ಬ್ಲಡ್‌ವರ್ಮ್ ಇಟ್ಟುಕೊಳ್ಳಲು ಒಪ್ಪಿದರೆ ಧೈರ್ಯವಾಗಿ ತನ್ನಿ. ಇಲ್ಲವೆಂದರೆ, ಸದ್ಯಕ್ಕೆ ಗಪ್ಪಿಯೇ ಸಾಕು.